ಎಡಗಾಲು ಊರುವ ಹೊತ್ತು

ಅಡುಗೆಮನೆಯ ಮೇಜಿನಿಂದ,
ಹದಿನಾಲ್ಕನೇ ತಾರೀಕು, ಭಾನುವಾರ ಮಧ್ಯಾಹ್ನ

ನೀರಿನ ಮೇಲಿರುವ ನನ್ನವರಿಗೆ,

ಹೇಗಿದ್ದೀರಿ? ಕೆಮ್ಮು ಕಡಿಮೆಯಾಯಿತೇ? ಹಡಗಿನ ಇಂಜಿನ್ ರೂಮಿನ ಸೆಕೆಯಲ್ಲಿ ಬೆವೆತವರು ಹಾಗೇ ಮೇಲೆ ಹತ್ತಿ ಗಾಳಿಗೆ ಎದೆ ಕೊಟ್ಟು ನಿಲ್ಲಬೇಡಿ ಅಂತ ಬಾಯಲ್ಲಿ ಹೇಳಿ ಸಾಕಾಯಿತು, ಬರೆದು ಹೇಳಿದರಾದರೂ ಕೇಳುತ್ತೀರೇನೋ. ಹೊಟ್ಟೆಗೆ ಸರಿಯಾಗಿ ತಿನ್ನುತ್ತಿದ್ದೀರಿ ತಾನೇ? ಹೋದ ಸಲ ಫೋನಿನಲ್ಲಿ ನಿಮ್ಮ ಮಾತಿಗಿಂತ ಗೊರಗೊರ ಸದ್ದೇ ಹೆಚ್ಚಾಗಿತ್ತು. ಅದೂ ಅಲ್ಲದೆ ನಮ್ಮ ಫೋನು ಇರುವುದು ಅತ್ತೆಯ ಮಂಚದ ತಲೆಯ ಹತ್ತಿರ. ಈಗ ಹೇಳಬೇಕೆಂದಿರುವುದು ಅವರ ಕಿವಿಗೆ ಬೀಳಕೂಡದು. ಅದಕ್ಕೇ ಈ ಕಾಗದ. ಮುಂದಿನ ಬಂದರಿನಲ್ಲಿ ನಿಮ್ಮ ಕೈಗೆ ತಲುಪಿಸುತ್ತೇವೆ ಅಂತ ಕಂಪನಿಯವರು ಹೇಳಿದ್ದಾರೆ. ಕೂತುಕೊಂಡು, ಸಾವಕಾಶವಾಗಿ ಓದಿ.

ನಿಮ್ಮಮ್ಮ ಜಾರಿ ಬಿದ್ದರು, ಆಪರೇಷನ್ ಆಯಿತು, ಈಗ ಪರವಾಗಿಲ್ಲ ಅನ್ನುವಷ್ಟು ನಿಮಗೆ ಗೊತ್ತು. ಅಷ್ಟನ್ನೇ ನಾನು ಹೇಳಿದ್ದೆ. ಅವರು ಬಿದ್ದದ್ದು ಅಡುಗೆಮನೆಯಿಂದ ಮಾವನ ಹೊಲಿಗೆಕೋಣೆಗೆ ಇಳಿಯುವ ಆ ಕಡಿದಾದ ಮೆಟ್ಟಿಲಲ್ಲಿ. ಮಾವ ತೀರಿಕೊಂಡ ಮೇಲೆ ಆ ಕೋಣೆಗೆ ನಾನೂ ಅತ್ತೆಯೂ ಕಾಲಿಟ್ಟದ್ದೇ ಅಪರೂಪ. ಅರ್ಧ ಹೊಲಿದ ಪರದೆಗಳು, ಕತ್ತರಿ, ಸೀಮೆಸುಣ್ಣದ ಚೂರು ಎಲ್ಲ ಅವರು ಬಿಟ್ಟ ಹಾಗೇ ಇವೆ. ಅಂಥ ಕಡೆಗೆ ಇವರಿಗೇನು ಕೆಲಸವಿತ್ತು ಅಂತ ಅವತ್ತು ಯಾರಿಗೂ ಕೇಳುವ ಪುರಸೊತ್ತಿರಲಿಲ್ಲ. ಕೆಳಗಿನ ಕಲ್ಲುನೆಲಕ್ಕೆ ಎಡಗಡೆ ಬಡಿದು, ಸೊಂಟದ ಕೆಳಗೆ ತೊಡೆಯ ಮೂಳೆ ಕೂರುವ ಬಟ್ಟಲಿನಂಥ ಮೂಳೆ ಎರಡು ಕಡೆ ಒಡೆದಿತ್ತು. ಡಾಕ್ಟರು ಪ್ಲೇಟು ಇಟ್ಟು ಸ್ಕ್ರೂ ಬಿಗಿದು ಕೂಡಿಸಿದರು. ನನಗೆ ಬಾಗಿಲಿಗೆ ಹಾಕುವ ತಿರುಪುಗಳನ್ನು ಹಾಕಿದ್ದಾರೆ, ಇನ್ನು ಮೇಲೆ ಎಣ್ಣೆ ಬಿಡದಿದ್ದರೆ ಕಿರುಗುಟ್ಟುತ್ತೇನೆ ಅಂತ ಅತ್ತೆ ಇಡೀ ವಾರ್ಡನ್ನು ನಗಿಸಿದರು. ನಾನೂ ನಕ್ಕೆ. ಈ ಹೆಂಗಸು ಗೆದ್ದು ಬರುತ್ತಾರೆ ಅಂದುಕೊಂಡೆ.

ಮನೆಗೆ ಕಳಿಸುವಾಗ ಡಾಕ್ಟರು ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿದರು. ಎಡಗಾಲಿನ ಮೇಲೆ ಭಾರ ಹಾಕುವ ಹಾಗಿಲ್ಲ. ವಾಕರ್ ಹಿಡಿದು, ಬಲಗಾಲಿನ ಮೇಲೆ ನಿಂತು, ಎಡಗಾಲಿನ ಬೆರಳು ನೆಲಕ್ಕೆ ತಾಗಿದರೆ ಸಾಕು, ಊರಬಾರದು. ನೋವು ಹೋಯಿತು ಅಂತ ಮೂಳೆ ಕೂಡಿತು ಅಂದುಕೊಳ್ಳಬೇಡಿ ಅಂದರು. ಎಂದಿನಿಂದ ಊರಬಹುದು ಅಂತ ಅತ್ತೆ ಕೇಳಿದ್ದಕ್ಕೆ, "ಅದನ್ನ ಎಕ್ಸ್‌ರೇ ಹೇಳ್ಬೇಕಮ್ಮಾ. ನೀವೂ ಅಲ್ಲ, ನಾನೂ ಅಲ್ಲ" ಅಂದರು. ಸುಮಾರು ಮೂರು ತಿಂಗಳು ಅಂತ ಲೆಕ್ಕ ಹಿಡಿಯಿರಿ ಅಂದರು. ಅತ್ತೆ ಒಳ್ಳೆಯ ಮಗುವಿನ ಹಾಗೆ ತಲೆಯಾಡಿಸಿದರು.

ನಾನು ಬೆಳಗಿನ ಹೊತ್ತು ಬೇಕರಿ ಕೆಲಸಕ್ಕೆ ಹೋದಾಗ ಎದುರುಮನೆಯ ಅಕ್ಕ ಬಂದು ಕೂರುತ್ತಿದ್ದರು. ಒಂದು ದಿನ ನಾನು ಬಂದು, ಅವರನ್ನು ಕಳಿಸಿ, ಬಟ್ಟೆ ಒಣಹಾಕಿ ಒಳಗೆ ಬರುವಷ್ಟರಲ್ಲಿ ಮಂಚ ಖಾಲಿ. ಅತ್ತೆ ಅಡುಗೆಮನೆಯ ಮೂಲೆಯಲ್ಲಿ, ಹೊಲಿಗೆಕೋಣೆಗೆ ಇಳಿಯುವ ಬಾಗಿಲಲ್ಲಿ ಚಿಲಕದ ಮೇಲೆ ಕೈಯಿಟ್ಟು ನಿಂತಿದ್ದರು. ವಾಕರ್ ನಡುಮನೆಯಲ್ಲೇ ಇತ್ತು. ಅಂದರೆ ಅಲ್ಲಿಂದ ಇಲ್ಲಿಗೆ ಎರಡೂ ಕಾಲೂರಿ ನಡೆದಿದ್ದರು. ಓಡಿಹೋಗಿ ತೋಳು ಹಿಡಿದೆ. ಅವರು ಮಾತ್ರ ಒಲೆಯ ಮೇಲೆ ಹಾಲಿಟ್ಟು ಬಂದವರ ಹಾಗೆ ಅವಸರದಲ್ಲಿದ್ದರು.

"ಅವರು ಕರೀತಿದಾರೆ ಕಣೇ. ಅಷ್ಟುದ್ದದ ಪರದೆ, ಒಬ್ಬರೇ ಹೇಗೆ ಮಡಚ್ತಾರೆ?"

ನಿಮಗೆ ನೆನಪಿಲ್ಲದೆ ಏನು. ನಾಟಕದ ಮನೆಗಳಿಗೆ, ಸಭಾಂಗಣಗಳಿಗೆ ಹೋಗುವ ಆ ಭಾರಿ ಪರದೆಗಳನ್ನು ಮಾವ ಒಬ್ಬರೇ ಮಡಚಿದ್ದಿಲ್ಲ. ದಿನಕ್ಕೆ ಹತ್ತು ಸಲ ಕೆಳಗಿನಿಂದ "ಇವಳೇ, ಈ ತುದಿ ಹಿಡ್ಕೊ ಬಾ" ಅಂತ ಕೂಗು ಬರುತ್ತಿತ್ತು. ಅತ್ತೆ ಕೈಯಲ್ಲಿದ್ದ ಸೌಟು ಹಾಗೇ ಬಿಟ್ಟು, ಈ ಮನುಷ್ಯನಿಗೆ ಹೊತ್ತುಗೊತ್ತಿಲ್ಲ ಅಂತ ಗೊಣಗುತ್ತ ಇಳಿಯುತ್ತಿದ್ದರು. ಇಷ್ಟು ವರ್ಷದಲ್ಲಿ ಅವರು ಆ ಕೂಗಿಗೆ ಬರುವುದಿಲ್ಲ ಅಂದದ್ದನ್ನು ನಾನಂತೂ ಕೇಳಿಲ್ಲ. ಅವರನ್ನು ಮಂಚದ ಮೇಲೆ ಮಲಗಿಸಿ ಹೊದಿಸುತ್ತಿದ್ದಾಗ ನನ್ನ ಕೈ ಹಿಡಿದು ಮೆಲ್ಲಗೆ ಅಂದರು: "ಅವತ್ತೂ ಕರೆದಿದ್ರು. ಅದಕ್ಕೇ ಇಳಿದೆ."

ಆಮೇಲಿನದು ದಿನದಿನದ ಗೋಳಾಯಿತು. ಆ ಬಾಗಿಲಿಗೆ ಬೀಗ ಹಾಕಿದೆ. ಅತ್ತೆ ಬೀಗದವರೆಗೆ ನಡೆದು ಹೋಗಿ, ಮರಕ್ಕೆ ಕಿವಿಯಿಟ್ಟು, ಬಂದೆ ತಾಳಿ ಅಂತ ಉತ್ತರ ಕೊಡತೊಡಗಿದರು. ವ್ಯಾಯಾಮ ಮಾಡಿಸಲು ಬರುವ ಫಿಸಿಯೋ ಹುಡುಗಿ, ನೋವಿನ ಮಾತ್ರೆಗೆ ಹೀಗೆಲ್ಲ ಆಗುತ್ತದೆ ಅಂದಳು. ಮಾತ್ರೆ ಬದಲಾಯಿಸಿದೆವು. ಕೂಗು ನಿಲ್ಲಲಿಲ್ಲ. ಬೇರೆಲ್ಲ ವಿಷಯದಲ್ಲಿ ಅವರ ತಲೆ ನನ್ನದಕ್ಕಿಂತ ಚುರುಕು ರೀ, ಹಾಲಿನವನು ಮರೆತ ಚಿಲ್ಲರೆ ಸಹಿತ ನೆನಪಿನಲ್ಲಿತ್ತು. ನಡುವೆ ತೆಗೆಸಿದ ಎಕ್ಸ್‌ರೇಯಲ್ಲಿ ಒಂದು ಸ್ಕ್ರೂ ಕೂದಲೆಳೆಯಷ್ಟು ಹೊರಕ್ಕೆ ಸರಿದಿತ್ತು. ಡಾಕ್ಟರು ನನ್ನನ್ನು ಹೊರಗೆ ಕರೆದು, ಇವರು ಹೀಗೇ ಓಡಾಡಿದರೆ ಪ್ಲೇಟು ಸರಿಯುತ್ತದೆ, ಮತ್ತೆ ಕೊಯ್ಯಬೇಕಾಗುತ್ತದೆ, ಇನ್ನೊಂದು ಸಲ ಅರಿವಳಿಕೆ ಕೊಟ್ಟರೆ ಈ ಎದೆ ತಡೆಯುವುದು ಅನುಮಾನ ಅಂದರು. ನಿಮ್ಮ ತಾಯಿಯನ್ನು ನನ್ನ ಕೈಗೆ ಒಪ್ಪಿಸಿ ಹೋಗಿದ್ದೀರಿ. ನಾನೇನು ಮಾಡಲಿ? ಮಂಚಕ್ಕೆ ಕಟ್ಟಿಹಾಕಲೇ?

ಅತ್ತೆ ನಿದ್ದೆ ಹೋಗಿದ್ದ ಒಂದು ಮಧ್ಯಾಹ್ನ ಬೀಗ ತೆಗೆದು ಕೆಳಗಿಳಿದೆ. ನಗಬೇಡಿ. ಕೋಣೆಯಲ್ಲಿ ಹೊಸ ಬಟ್ಟೆಯ ಗಂಜಿವಾಸನೆ ಇನ್ನೂ ಇತ್ತು. ಕತ್ತರಿಸುವ ಉದ್ದ ಮೇಜಿನ ಮೇಲೆ ಕಡುನೀಲಿ ಪರದೆಯೊಂದು ಹರಡಿ, ಅದರ ಒಂದು ತುದಿ ಮೇಜಿನ ಆಚೆ, ಮಾವ ನಿಲ್ಲುತ್ತಿದ್ದ ಕಡೆ, ಕುರ್ಚಿಯ ಬೆನ್ನಿನ ಮೇಲಿತ್ತು. ನಾನು ಈಚೆ ನಿಂತು, ಬದುಕಿದ್ದಾಗ ಮಾತಾಡುತ್ತಿದ್ದ ಹಾಗೇ ತಗ್ಗಿದ ದನಿಯಲ್ಲಿ ಹೇಳಿದೆ: "ಮಾವ, ಸ್ವಲ್ಪ ದಿನ ಅತ್ತೆಯನ್ನ ಕರೀಬೇಡಿ. ಮೂಳೆ ಕೂಡ್ಲಿ." ಹೇಳಿದ ಮೇಲೆ ನನಗೇ ನಾಚಿಕೆಯಾಯಿತು. ತಿರುಗಿ ಎರಡು ಮೆಟ್ಟಿಲು ಹತ್ತಿರಬೇಕು, ಹಿಂದೆ ಮೆತ್ತಗೆ ಸದ್ದಾಯಿತು. ನೋಡಿದರೆ ಕುರ್ಚಿಯ ಮೇಲಿದ್ದ ತುದಿ ನೆಲದಲ್ಲಿತ್ತು, ಹಿಡಿದುಕೊಂಡಿದ್ದವರು ಕೈಬಿಟ್ಟ ಹಾಗೆ. ಕಿಟಕಿ ಮುಚ್ಚಿತ್ತು. ನಾನು ಹೇಗೆ ಮೇಲೆ ಬಂದೆನೋ ಗೊತ್ತಿಲ್ಲ.

ಅಂದಿನಿಂದ ಕೂಗು ನಿಂತಿತು. ಅತ್ತೆ ಮಂಚ ಬಿಟ್ಟು ಇಳಿಯಲಿಲ್ಲ. ಮೊದಮೊದಲು ಕಿವಿಗೊಟ್ಟು ಮಲಗಿರುತ್ತಿದ್ದರು, ಆಮೇಲೆ ಗೋಡೆಯ ಕಡೆ ಮುಖ ಮಾಡಿದರು. ನಾನು ಒಳಗೊಳಗೇ ಗೆದ್ದೆ ಅಂದುಕೊಂಡೆ. ಹೋದ ತಿಂಗಳ ಎಕ್ಸ್‌ರೇಯಲ್ಲಿ ಮೂಳೆ ಚೆನ್ನಾಗಿ ಕೂಡಿದೆ, ಸ್ಕ್ರೂ ಇದ್ದಲ್ಲೇ ಇದೆ. ಡಾಕ್ಟರು ಮೊದಲ ಸಲ ನಕ್ಕರು. ಇನ್ನು ಭಾರ ಹಾಕಬಹುದು, ಮೊದಲು ಕಾಲುಭಾಗ, ಆಮೇಲೆ ಅರ್ಧ, ಹೀಗೆ ಏರಿಸುತ್ತ ಪೂರ್ತಿ ಅಂದರು. ಫಿಸಿಯೋ ಹುಡುಗಿ ತೂಕದ ಯಂತ್ರ ತಂದು ಎಡಗಾಲಿನ ಕೆಳಗಿಟ್ಟು, ಮುಳ್ಳು ಇಲ್ಲಿಗೆ ಬರುವಷ್ಟು ಒತ್ತಿ ಅಂತ ತೋರಿಸಿದಳು. ಮೊದಲಾಗಿದ್ದರೆ ಅತ್ತೆ, ನನ್ನ ಕಾಲನ್ನು ಆಲೂಗಡ್ಡೆಯ ಹಾಗೆ ತೂಗುತ್ತೀಯೇನೇ ಅನ್ನುತ್ತಿದ್ದರು. ಈಗ ಏನೂ ಅನ್ನಲಿಲ್ಲ. ಮುಳ್ಳು ಅಲುಗಲೇ ಇಲ್ಲ. ನೋವೇ ಅಂದರೆ ಇಲ್ಲ. ಹೆದರಿಕೆಯೇ ಅಂದರೆ ಅದೂ ಇಲ್ಲ. ಆ ಹುಡುಗಿ ಹೋದ ಮೇಲೆ ನನ್ನ ಕಡೆ ತಿರುಗಿ ನಿಧಾನವಾಗಿ ಕೇಳಿದರು:

"ಕೆಳಗೆ ಹೋಗಿ ಅವರಿಗೆ ಏನು ಹೇಳ್ದೆ ನೀನು?"

ಅವರು ಸಿಟ್ಟಾಗಲಿಲ್ಲ, ಅದೇ ಕಷ್ಟ. "ಯಾರು ಕರೀತಾರೆ ಅಂತ ಏಳ್ಲಿ, ಹೇಳು" ಅಂದು ಮತ್ತೆ ಗೋಡೆಯ ಕಡೆ ಹೊರಳಿದರು.

ಈಗ ಡಾಕ್ಟರ ಮಾತು ಪೂರಾ ತಿರುಗಿದೆ. ಅಂದು ಕಾಲೂರಿದರೆ ಅಪಾಯ ಅಂದವರು ಇಂದು ಊರದಿದ್ದರೆ ಅಪಾಯ ಅನ್ನುತ್ತಾರೆ. ಅತ್ತೆಯ ತೊಡೆ ನನ್ನ ಮುಂಗೈಯಷ್ಟಾಗಿದೆ. ಬೆನ್ನಿನ ಮೇಲೆ ಕೆಂಪು ಕಾಣಿಸಿಕೊಂಡಿದೆ, ಎದೆಯಲ್ಲಿ ಕಫ ಕಟ್ಟುತ್ತಿದೆ. ಇನ್ನೂ ಮಲಗಿದರೆ ಮೇಲೇಳುವುದಿಲ್ಲ ಅಂತ ಸೀದಾ ಹೇಳಿಬಿಟ್ಟರು. ನಾನು ಬೇಡಿದೆ, ಗದರಿದೆ, ಕಣ್ಣೀರೂ ಹಾಕಿದೆ. ನಾನೇ ಕೆಳಗಿಳಿದು ಪರದೆಯ ತುದಿ ಹಿಡಿದು, ಅತ್ತೆ ಸ್ವಲ್ಪ ಬನ್ನಿ ಅಂತ ಕೂಗಿದೆ. ನಿನ್ನ ಗಂಟಲು ಯಾಕೆ ಹರಿದುಕೊಳ್ಳುತ್ತೀ ಅಂದರು. ಕೊನೆಗೆ ಆ ಮೇಜಿನ ಎದುರು ನಿಂತು, ಮಾವ, ತಪ್ಪಾಯಿತು, ಈಗ ಕರೆಯಿರಿ, ಈಗ ಬೇಕಾದಷ್ಟು ಕರೆಯಿರಿ ಅಂತ ಕೈಮುಗಿದೂ ಆಯಿತು. ಏನೂ ಇಲ್ಲ. ಬಟ್ಟೆ ಬಿದ್ದಲ್ಲೇ ಬಿದ್ದಿದೆ. ಅಷ್ಟು ಖಾಲಿಯಾದ ಕೋಣೆಯನ್ನು ನಾನು ಕಂಡಿಲ್ಲ.

ನೀವಿಲ್ಲಿದ್ದಿದ್ದರೆ ಏನು ಮಾಡುತ್ತಿದ್ದಿರೋ. ಬಹುಶಃ ನಾಲ್ಕು ತಮಾಷೆ ಮಾಡಿ ಅವರನ್ನು ಎತ್ತಿ ನಿಲ್ಲಿಸುತ್ತಿದ್ದಿರಿ. ರಜೆ ಸಿಗುವುದಾದರೆ ಕೇಳಿ ನೋಡಿ, ಸಿಗದಿದ್ದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಅತ್ತೆ ಬೆಳಿಗ್ಗೆ ಗಂಜಿ ಕುಡಿಯುವಾಗ ನಿಮ್ಮನ್ನು ಕೇಳಿದರು. ಅವನು ಹೊಟ್ಟೆ ತುಂಬ ಉಂಡು, ಮೈ ಒಣಗಿಸಿಕೊಂಡು ಮಲಗಲಿ, ತಣ್ಣಗಿರಲಿ ಅಂದರು. ಅವರ ಆ ಹಾರೈಕೆಯ ಜೊತೆ ನನ್ನದನ್ನೂ ಸೇರಿಸಿ ಕಳಿಸುತ್ತಿದ್ದೇನೆ. ನಿಮಗೆ ಉಪ್ಪು ಕಡಿಮೆ ಹಾಕುವ ಆ ಹಡಗಿನ ಅಡುಗೆಯವರಿಗೂ ನನ್ನ ನಮಸ್ಕಾರ ಹೇಳಿ.

ಇಬ್ಬರಿರುವ ಮನೆಯಲ್ಲಿ ಮೂರು ತಟ್ಟೆ ಇಡುತ್ತಿರುವ,
ನಿಮ್ಮವಳು

ತಾ.ಕ.: ಕವರಿಗೆ ಅಂಟು ಹಚ್ಚುತ್ತಿದ್ದಾಗ ಒಳಗೆ ವಾಕರ್ ಸರಿದ ಸದ್ದಾಯಿತು. ಓಡಿದೆ. ಅತ್ತೆ ಎದ್ದು ನಿಂತಿದ್ದಾರೆ. ಎಡಗಾಲು ಪೂರ್ತಿ ನೆಲಕ್ಕೂರಿ, ಪೂರ್ತಿ ಭಾರ ಹಾಕಿ. ಅವರ ಮುಖ ಹೀಗೆ ಅರಳಿದ್ದನ್ನು ನೋಡಿ ಎಷ್ಟು ದಿನವಾಗಿತ್ತೋ. "ಮಗ ಬಂದ ಕಣೇ" ಅಂದರು. "ಅಮ್ಮಾ ಅಂತ ಕೆಳಗಿಂದ ಕೂಗ್ತಿದಾನೆ. ಮೇಲೆ ಬರೋದು ಬಿಟ್ಟು ಅಲ್ಲೇನು ಮಾಡ್ತಿದಾನೆ?" ಇಲ್ಲ ಅತ್ತೆ ಅನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ನನಗೂ ಕೇಳಿಸಿತು. ಮಾವನ ದನಿಯಲ್ಲ ರೀ, ನಿಮ್ಮದು. ನಾನು ಕೆಳಗಿಳಿದು ನೋಡಿಲ್ಲ, ನೋಡುವುದೂ ಇಲ್ಲ. ಕಂಪನಿಗೆ ಫೋನ್ ಹಚ್ಚಿದ್ದೇನೆ, ಹಡಗನ್ನು ವಿಚಾರಿಸುತ್ತೇವೆ ಇರಿ ಅಂತ ಕಾಯಿಸಿದ್ದಾರೆ. ಒಂದು ಕೈಯಲ್ಲಿ ಫೋನು ಹಿಡಿದೇ ಇದನ್ನು ಬರೆಯುತ್ತಿದ್ದೇನೆ. ಎಲ್ಲಿದ್ದರೂ ಸರಿ, ಒಂದು ಮಾತು ತಿಳಿಸಿ. ಅತ್ತೆ ಇನ್ನೂ ನಿಂತೇ ಇದ್ದಾರೆ. ಕೂತುಕೊಳ್ಳಿ ಅಂದರೆ ಕೇಳುತ್ತಿಲ್ಲ.