ಬಿಳಿ ಹಾಳೆಯ ಮೇಲೆ ಶೇಡಿ

ಬ್ರಹ್ಮಾವರ
೩ ನವೆಂಬರ್ ೨೦೨೫

ಪ್ರೀತಿಯ ಮಗಳು ವಿಜೇತಾ,

ನಿನ್ನ ಕೆಮ್ಮು ಹೇಗಿದೆ? ಬ್ಯಾಂಕಿನಲ್ಲಿ ಫ್ಯಾನಿನ ಅಡಿಯಲ್ಲೇ ಕೂರಬೇಡ ಎಂದು ನಿನ್ನಮ್ಮ ದಿನಕ್ಕೆರಡು ಸಲ ಹೇಳುತ್ತಾಳೆ, ಅದು ಹುಬ್ಬಳ್ಳಿಗೆ ಕೇಳಿಸುತ್ತದೆ ಎಂಬಂತೆ. ಇಲ್ಲಿ ಇಬ್ಬರೂ ಸೌಖ್ಯ. ಮಳೆಯ ಜೊತೆ ಹೋದೀತು ಎಂದುಕೊಂಡ ನನ್ನ ಮಂಡಿನೋವು ಮಾತ್ರ ಹೋಗಿಲ್ಲ.

ಕಳೆದ ವಾರ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಉತ್ತರ ಕೊಡದೆ ಫೋನನ್ನು ಅಮ್ಮನ ಕೈಗೆ ಕೊಟ್ಟೆ. ಬ್ಯಾಂಕಿಗೆ ಎರಡು ವರ್ಷ ರಜೆ ಹಾಕಿ ಮೈಸೂರಿನ ಚಿತ್ರಕಲಾ ಕಾಲೇಜಿಗೆ ಮತ್ತೆ ಅರ್ಜಿ ಹಾಕಲೇ ಎಂದು ಕೇಳಿದೆ. ನಾನು ಬಾಯಿ ತೆರೆಯುವ ಮೊದಲೇ, "ಅಪ್ಪಯ್ಯ, ಹನ್ನೊಂದ್ ವರ್ಷದ್ ಹಿಂದೆ ಬ್ಯಾಡ ಅಂದವ್ರ್ ಈಗ ತಕಂತ್ರಾ?" ಎಂದು ನೀನೇ ನಕ್ಕುಬಿಟ್ಟೆ. ಆ ನಗು ಐದು ದಿನದಿಂದ ಕಿವಿಯಲ್ಲಿ ಕೂತಿದೆ.

ಇವತ್ತು ಹೆದ್ದಾರಿ ಬದಿಯ ತೆರೆದ ಚರಂಡಿಯ ಬಗ್ಗೆ ಪತ್ರಿಕೆಗೆ ಏಳನೆಯ ಪತ್ರ ಬರೆಯಬೇಕಿತ್ತು. ಯಾರು ಯಾವ ತಾರೀಕಿನಂದು ಮಾತು ಕೊಟ್ಟು ತಪ್ಪಿದರು ಎಂಬುದೆಲ್ಲ ಬಾಯಿಪಾಠ. ಆದರೂ 'ಮಾನ್ಯರೇ' ಎಂದು ಬರೆದ ಮೇಲೆ ಪೆನ್ನು ಮುಂದೆ ಹೋಗಲಿಲ್ಲ. ಹೊಸ ಹಾಳೆ ಹುಡುಕುತ್ತ ನಿನ್ನ ಕಪಾಟು ತೆಗೆದರೆ ದಪ್ಪ ಡ್ರಾಯಿಂಗ್ ಹಾಳೆಗಳು, ಪ್ಯಾಸ್ಟೆಲ್ ಡಬ್ಬಿ. ಅರ್ಧ ಕಡ್ಡಿಗಳು ತುಂಡಾಗಿದ್ದವು. ಸುಮ್ಮನೆ ಕೂರುವುದಕ್ಕಿಂತ ಲೇಸು ಎಂದು ಜಗಲಿಯಲ್ಲಿ ಹರಡಿದೆ. ಗೋಪೂಜೆಯಂದು ದನದ ಮೈಮೇಲೆ ಉಂಗುರ ಒತ್ತಿ ಉಳಿದ ಶೇಡಿ ಹಟ್ಟಿಯ ತೆಂಗಿನ ಗೆರಟೆಯಲ್ಲಿತ್ತು. ಆ ಬಿಳಿಮಣ್ಣಿಗೆ ನೀರು ಹಾಕಿ ಕದಡಿದೆ. ಅಕ್ಕಿ ಅಳೆಯುವ ಸಿದ್ದೆಯ ಬಾಯಿಯನ್ನು ಅದರಲ್ಲಿ ಅದ್ದಿ, ವರ್ಷವೂ ಕಪ್ಪು ದನದ ಬೆನ್ನಿಗೆ ಒತ್ತುವ ಹಾಗೆಯೇ ಹಾಳೆಯ ಮೇಲೆ ಒತ್ತಿದೆ, ಸಾಲಾಗಿ ಒಂಬತ್ತು ಸಲ. ಹಾಳೆಯೂ ಬಿಳಿ ಎಂಬುದು ಹತ್ತನೆಯ ಸಲಕ್ಕೆ ಹೊಳೆಯಿತು.

ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಹ್ವಾಯ್, ದನ-ಗಂಟಿಗ್ ಹಾಕು ಶೇಡಿ ಕಾಗ್ದಕ್ಕ್ ಹಾಕ್ರೆ ಎಂತ ಕಾಣತ್ತ್? ಓದಿ ಓದಿ ನಿಮ್ಗ್ ಮರ್ಲ್ ಹಿಡದ್ದಾ?" ಎಂದಳು. ಹುಳಿಗೆಂದು ತೆಗೆದಿಟ್ಟ ಬೆಂಡೆಯಲ್ಲಿ ನಾಲ್ಕನ್ನು ಅಚ್ಚಿಗೆಂದು ನಾನು ಅಡ್ಡ ಕತ್ತರಿಸಿದ್ದು ಕಂಡ ಮೇಲೆ ಇನ್ನೂ ನಾಲ್ಕು ಮಾತು ಬಂತು. ಅವನ್ನು ಇಲ್ಲಿ ಬರೆಯುವುದಿಲ್ಲ.

ಹಾಳೆಯನ್ನು ಬಿಸಿಲಿಗಿಟ್ಟೆ. ಶೇಡಿ ಒಣಗಿದ ಮೇಲೆ ನಿನ್ನ ನೀಲಿ ಪ್ಯಾಸ್ಟೆಲನ್ನು ಅಡ್ಡ ಹಿಡಿದು ಹಾಳೆಯುದ್ದಕ್ಕೂ ತಿಕ್ಕಿದೆ. ಆಮೇಲೆ ಬಟ್ಟೆಯಿಂದ ಕೊಡವಿದರೆ ಶೇಡಿ ಬಣ್ಣದ ಸಮೇತ ಉದುರಿಹೋಯಿತು. ನೀಲಿಯ ನಡುವೆ ಉಂಗುರಗಳು ಒಂದೊಂದಾಗಿ ಎದ್ದವು. ಎರಡು ಒಂದರ ಮೇಲೊಂದು ಕೂತಿದ್ದವು, ಒಂದು ಅರ್ಧಕ್ಕೇ ನಿಂತಿತ್ತು. ಬೆಂಡೆಯನ್ನು ಕೆಂಪು ಶಾಯಿಯಲ್ಲಿ ಅದ್ದಿ ಒಂದು ಮೂಲೆಗೆ ಒತ್ತಿದೆ. ಅದು ಹೂವೂ ಅಲ್ಲ, ನಕ್ಷತ್ರವೂ ಅಲ್ಲ. ಅರವತ್ತೆಂಟರಲ್ಲಿ ಇಷ್ಟು ಹೊತ್ತು ಯಾರ ಮೇಲೂ ಸಿಟ್ಟಿಲ್ಲದೆ ಕೂತದ್ದು ನೆನಪಿಲ್ಲ. ನೀನು ಹತ್ತರ ವಯಸ್ಸಿನಲ್ಲಿ ಊಟಕ್ಕೆ ಕರೆದರೂ ಏಳದೆ ಇದೇ ಜಗಲಿಯಲ್ಲಿ ಕೂತಿರುತ್ತಿದ್ದೆ. ಹಟ ಎಂದು ನಾನು ಬೈಯುತ್ತಿದ್ದೆ. ಅದು ಹಟವಲ್ಲ ಎಂದು ಇಂದು ತಿಳಿಯಿತು.

ಹಾಳೆಯನ್ನು ಮಡಚದೆ ಸುರುಳಿ ಸುತ್ತಿ ಬೇರೆಯಾಗಿ ಕಳಿಸುತ್ತಿದ್ದೇನೆ. ತಪ್ಪಿದ್ದರೆ ತಿದ್ದಬೇಡ, ನಗು. ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಕೈಗೆ ಬೇಕಾದ ಕೆಲಸ ನಿನಗೆ ಸಿಗಲಿ.

ನಿನ್ನ ಅಪ್ಪಯ್ಯ,
ಪ್ರೇಮಾನಂದ

ಇದೊಂದನ್ನು ಬರೆಯದೆ ಲಕೋಟೆ ಅಂಟಿಸಲಾರೆ: ಕಾಲೇಜಿನವರು ಬೇಡ ಅಂದಿರಲಿಲ್ಲ. ೨೦೧೪ರ ಜೂನಿನಲ್ಲಿ ನಿನಗೆ ಸೀಟು ಸಿಕ್ಕಿದ ಪತ್ರ ಬಂದಿತ್ತು. ನೀನು ಕುಂದಾಪುರದ ಅಜ್ಜಿ ಮನೆಯಲ್ಲಿದ್ದೆ. ಬಣ್ಣದಿಂದ ಹೊಟ್ಟೆ ತುಂಬದು ಎಂದು ನಾನೇ ಅದನ್ನು ಬಚ್ಚಿಟ್ಟೆ. ನೀನು ಮರಳಿ ಬಂದು ಗೇಟಿನಲ್ಲಿ ಆ ಪತ್ರಕ್ಕೆ ಕಾಯುತ್ತಿದ್ದಾಗ, ಅಂಚೆಯವರು ನಿಧಾನ ಎಂದು ನಾನು ಪತ್ರಿಕೆಗೆ ಬರೆದು, ಅಚ್ಚಾದದ್ದನ್ನು ನಿನಗೇ ಓದಿ ಹೇಳಿದೆ. ಇವತ್ತು ಮಧ್ಯಾಹ್ನವಷ್ಟೇ ಅಮ್ಮನಿಗೆ ಇದನ್ನು ಹೇಳಿದೆ. ಕೇಳಿದವಳೇ ಎದ್ದು ಹಟ್ಟಿಗೆ ಹೋದಳು. ಸೀಟಿನ ಆ ಪತ್ರವೂ ಇದರೊಳಗಿದೆ. ಸಿಟ್ಟು ಎಷ್ಟು ವರ್ಷವಾದರೂ ಇಟ್ಟುಕೋ. ಅರ್ಜಿಗೆ ಈ ಹದಿನೈದರವರೆಗೆ ಮಾತ್ರ ಸಮಯ.