ಮೂರು ಹೊಲಿಗೆಯ ರವಿಕೆ

ದಾವಣಗೆರೆ, ೩೦ ಫೆಬ್ರವರಿ ೨೧೬೦

ಕೊಟ್ರಮ್ಮಜ್ಜಿಗೆ, ನಿಮ್ಮ ಮೊಮ್ಮಗಳ ಮೊಮ್ಮಗಳು ಹೊನ್ನಾಂಬೆಯ ನಮಸ್ಕಾರ. ತಾರೀಖು ನೋಡಿ ಗಾಬರಿಯಾಗಬೇಡಿ, ನಮ್ಮ ಕಾಲದಲ್ಲಿ ಹಿಂದಿನ ಕಾಲದವರಿಗೂ ಕಾಗದ ಹಾಕಬಹುದು, ಫೆಬ್ರವರಿಗೂ ಮೂವತ್ತು ದಿನ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ನೀವು ಹೊಲಿದುಕೊಂಡ ಹಸಿರು ರವಿಕೆ ನಮ್ಮ ಮನೆಯಲ್ಲಿ ಇನ್ನೂ ಇದೆ. ಅದರ ಎರಡೂ ಪಕ್ಕದಲ್ಲಿ ಮೂರು ಮೂರು ಸಾಲು ಸೂಜಿಯ ತೂತು. ಊರಿಗೆಲ್ಲ ರವಿಕೆ ಹೊಲಿಯುವ ನೀವು, ಸಕ್ಕರೆ ಕಾಯಿಲೆಯ ಚೆಕಪ್‌ಗೆ ಹದಿನೈದು ದಿನ ಇದೆ ಎನ್ನುವಾಗ ಊಟ ಬಿಟ್ಟು ತೂಕ ಇಳಿಸುತ್ತಿದ್ದಿರಂತೆ. ಡಾಕ್ಟರು ಭೇಷ್ ಎಂದ ಮೇಲೆ ನೇರವಾಗಿ ಬೆಣ್ಣೆದೋಸೆ. ಇಳಿದಾಗ ಹೊಲಿಗೆ ಹಿಡಿಯುವುದು, ಏರಿದಾಗ ಬಿಚ್ಚುವುದು. ನಿಮ್ಮ ಜಾಣತನಕ್ಕೆ ನಗು ಬರುತ್ತದೆ, ಸಿಟ್ಟೂ ಬರುತ್ತದೆ.

ಇದಕ್ಕೆ ನಾವು ‘ಉಯ್ಯಾಲೆ ತೂಕ’ ಎನ್ನುತ್ತೇವೆ. ಸಕ್ಕರೆ ಇದ್ದವರ ತೂಕ ಹೀಗೆ ಮತ್ತೆ ಮತ್ತೆ ಏರಿಳಿದರೆ ಹೃದಯಕ್ಕೂ ಕಿಡ್ನಿಗೂ ಅಪಾಯ ಹೆಚ್ಚು. ನಮ್ಮ ಆಸ್ಪತ್ರೆಯಲ್ಲಿ ಒಂದು ದಿನದ ತೂಕ ನೋಡಿ ಯಾರೂ ಹೊಗಳುವುದಿಲ್ಲ; ಐದು ವರ್ಷದ್ದನ್ನು ಒಟ್ಟಿಗೆ ನೋಡುತ್ತಾರೆ. ಇಳಿಸಬೇಕಾದವರು ನಿಧಾನವಾಗಿ ಇಳಿಸಿ, ಇಳಿದಲ್ಲೇ ನಿಲ್ಲುತ್ತಾರೆ. ನಮ್ಮ ಮನೆಗೆ ಮಾತ್ರ ನಿಮ್ಮ ರವಿಕೆಯ ಜೊತೆಗೆ ನಿಮ್ಮ ಚಾಳಿಯೂ ಬಳುವಳಿಯಾಗಿ ಬಂತು. ನನ್ನ ತಾಯಿಯವರೆಗೆ, ಸಕ್ಕರೆ ಬಂದ ಹೆಂಗಸರು ಯಾರೂ ಅರವತ್ತು ಕಾಣಲಿಲ್ಲ. ಹೇಳಬಾರದು, ಆದರೂ ಹೇಳುತ್ತೇನೆ: ನೀವು ಹೋದದ್ದು ಐವತ್ತೇಳಕ್ಕೆ, ಕಿಡ್ನಿ ಸೋತು.

ನನಗೆ ಸಕ್ಕರೆ ಬಂದದ್ದು ಮೂವತ್ತೆಂಟಕ್ಕೆ. ಇವತ್ತು ಅರವತ್ತು ತುಂಬಿತು. ಸಕ್ಕರೆ ಇದ್ದವರಿಗಾಗಿಯೇ ನಮ್ಮಲ್ಲಿ ‘ನಿಲುಹೊಲಿಗೆ’ ಎಂಬ ಶಾಸ್ತ್ರವಿದೆ. ನಲವತ್ತರಲ್ಲಿ ಹೊಲಿಸಿದ ರವಿಕೆಯನ್ನು ಒಂದು ಹೊಲಿಗೆಯನ್ನೂ ಬಿಚ್ಚದೆ ಅರವತ್ತರಲ್ಲಿ ತೊಟ್ಟು ಬೀದಿಯವರೆದುರು ನಿಲ್ಲಬೇಕು. ನಿಂತೆ. ಎದುರುಮನೆಯ ಚೌಡಮ್ಮ ಹೊಲಿಗೆಯನ್ನು ಎಳೆದೆಳೆದು ನೋಡಿ, “ಏನೂ ಮೋಸ ಇಲ್ಲ ಕಣ್ರೇ, ಅಂಗೇ ಐತೆ” ಎಂದರು. ಬೀದಿಗೆಲ್ಲ ಮಂಡಕ್ಕಿ, ಮಿರ್ಚಿ ಹಂಚಿದೆವು. ನಾನೂ ಒಂದು ಮಿರ್ಚಿ ತಿಂದೆ. ಗೆದ್ದೆ ಅಜ್ಜಿ, ಕುಣಿಯುವಷ್ಟು ಖುಷಿಯಾಗಿದೆ.

ಈ ಕಾಗದ ಕೈಸೇರುವಾಗ ನಿಮಗಿನ್ನೂ ನಲವತ್ತೊಂಬತ್ತು. ಮುಂದಿನ ಚೆಕಪ್‌ಗೆ ಇನ್ನೂ ಹದಿನೈದು ದಿನ ಇದೆ. ಈ ಸಲ ಊಟ ಬಿಡಬೇಡಿ. ಇದ್ದ ಹಾಗೇ ಹೋಗಿ, ಆ ಮೂರು ಹೊಲಿಗೆಯನ್ನೂ ಡಾಕ್ಟರಿಗೆ ತೋರಿಸಿ. ನೀವು ಹೆಚ್ಚು ದಿನ ಬದುಕಿದರೆ ನಾನು ಹುಟ್ಟುವುದಕ್ಕೇನೂ ಅಡ್ಡಿಯಿಲ್ಲ, ನಿಮ್ಮ ಮಗಳು ಆಗಲೇ ಕಾಲೇಜಿನಲ್ಲಿದ್ದಾಳೆ.

ಕಾಗದದ ಜೊತೆ ಎರಡು ಬೆರಳಗಲದ ಬಟ್ಟೆಯ ಪಟ್ಟಿಯಿದೆ. ಮುಂದೆ ದಪ್ಪಗಾದರೆ ಬಿಚ್ಚಿಕೊಳ್ಳಲೆಂದು ನನ್ನ ರವಿಕೆಯೊಳಗೆ ಬಿಟ್ಟಿದ್ದದ್ದು. ಇವತ್ತು ಶಾಸ್ತ್ರದ ಕೊನೆಗೆ ಕತ್ತರಿಸಿದೆವು. ನನಗೆ ಅದು ಬೇಕಾಗಲೇ ಇಲ್ಲ. ನಿಮ್ಮ ಅರವತ್ತಕ್ಕೆ ನಿಮ್ಮದನ್ನೂ ಕತ್ತರಿಸಿ, ಇದರ ಪಕ್ಕದಲ್ಲಿಡಿ.

ನಿಮ್ಮ
ಹೊನ್ನಾಂಬೆ