ಹನ್ನೊಂದು ದಿನದ ಎದೆಬಡಿತ

ಬಿಳಿಗೆರೆ
೧೯-೬-೨೦೨೪

ಪ್ರೀತಿಯ ಸಿಂಧುಗೆ ನಿನ್ನ ಅತ್ತಿಗೆಯ ಆಶೀರ್ವಾದಗಳು.

ನೀನು ಆಸ್ಪತ್ರೆಯ ಕೆಲಸಕ್ಕೆ ಹೋಗುತ್ತಿಲ್ಲವೆಂದು ನಿನ್ನ ರೂಮಿನ ಪವಿತ್ರಾ ಫೋನಿನಲ್ಲಿ ತಿಳಿಸಿದಳು. ಸ್ವಂತ ಅಣ್ಣನ ಕಾಯಿಲೆಯೇ ತಿಳಿಯದ ನರ್ಸು ರೋಗಿಗಳ ಕೈ ಹೇಗೆ ಮುಟ್ಟಲಿ ಎನ್ನುತ್ತೀಯಂತೆ. ನಿಮ್ಮಣ್ಣ ಹೋದ ಮೇಲಿನ ಶಿವಗಣಾರಾಧನೆಯ ದಿನವೂ ನನ್ನ ಹೆಗಲಿಗೆ ಒರಗಿ, "ದಿನಾ ಮೊಬೈಲಲ್ಲಿ ನೋಡ್ತಿದ್ದೆ ಕಣತ್ಗೆ, ಎಲ್ಲಾ ಸರಿಯಾಗೇ ಇತ್ತು" ಎಂದು ಅತ್ತಿದ್ದೆ. ಆಗಲೇ ಹೇಳಬೇಕಿತ್ತು.

ಯುಗಾದಿಗೆ ಬಂದಾಗ ನಿಮ್ಮಣ್ಣನ ಕೈಗೆ, ಎದೆಬಡಿತ ಅಳೆದು ನಿನ್ನ ಮೊಬೈಲಿಗೆ ಕಳಿಸುವ ಆ ವಾಚು ಕಟ್ಟಿದವಳು ನೀನು. ತಿಂಗಳೊಳಗೆ ಅದು ಎದೆಬಡಿತ ಏರುಪೇರಾಗಿದೆ ಎಂದು ಎರಡು ಸಲ ತೋರಿಸಿತು. ತಕ್ಷಣ ಹಾಸನಕ್ಕೆ ಹೋಗಿ ಇಸಿಜಿ ಮಾಡಿಸಿ, ಹೀಗೇ ಬಿಟ್ಟರೆ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋಗಬಹುದು ಎಂದು ನೀನು ಬೇಡಿಕೊಂಡೆ. ನಮ್ಮಲ್ಲಿ ಅಟ್ಟದಿಂದ ಕಾಯಿ ಇಳಿಸಿ ಸುಲಿಸುತ್ತಿದ್ದ ಸಮಯ. "ಕೊಬ್ರಿ ಕೆಲ್ಸ ಮುಗೀಲಿ ಬುಡು, ಆಮೇಲೆ ಹೋಗಾನ" ಅಂದರು ನಿಮ್ಮಣ್ಣ. ನಿನ್ನ ಫೋನು ನಿಲ್ಲಲಿಲ್ಲ. "ನೀನೇ ಕಟ್ಕೊ ಮಂಗಳಾ, ಅವಳು ಸುಮ್ಕಾಯ್ತಾಳೆ" ಎಂದು ವಾಚನ್ನು ನನಗೆ ಕೊಟ್ಟರು. ಕಟ್ಟಿಕೊಂಡೆ.

ಹನ್ನೊಂದು ದಿನ ನೀನು ನೋಡಿದ್ದು ನನ್ನ ಎದೆಬಡಿತ, ಸಿಂಧು. ಈಗ ಸರಿಹೋಗಿದೆ, ಕೊಬ್ಬರಿ ಮುಗಿಸಿಕೊಂಡೇ ಹೋಗಿಬನ್ನಿ ಎಂದು ನೀನೂ ಸಮಾಧಾನಪಟ್ಟೆ.

ಹನ್ನೆರಡನೆಯ ಬೆಳಿಗ್ಗೆ ಕಾಫಿ ಲೋಟ ಅವರ ಬಲಗೈಯಿಂದ ಜಾರಿತು. ನನ್ನನ್ನು ಕರೆಯಲು ನೋಡಿದರು. ಬಾಯಿ ಸೊಟ್ಟಗಾಗಿ ಹೆಸರು ಹೊರಡಲಿಲ್ಲ. ಮೂರನೆಯ ದಿನಕ್ಕೆ ಹೋಗಿಬಿಟ್ಟರು. ನೀನು ಹೇಳಿದ್ದನ್ನೇ ಡಾಕ್ಟರೂ ಹೇಳಿದರು.

ನಿನ್ನದೇನೂ ತಪ್ಪಿಲ್ಲ. ಕೆಲಸಕ್ಕೆ ಹೋಗು ತಾಯಿ. ನನ್ನೊಡನೆ ಮಾತು ಬಿಟ್ಟರೂ ಸರಿ, ಕೆಲಸ ಬಿಡಬೇಡ.

ಇಂತಿ,
ನಿನ್ನ ಅತ್ತಿಗೆ
ಮಂಗಳಾ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಹರಿದೆ. ಮೇಲೆ ಬರೆದ ಆ ಎರಡು ಮಾತು ನಿಮ್ಮಣ್ಣ ಆಡಿದವಲ್ಲ. ಹಾಸನಕ್ಕೆ ಹೋಗಲು ಅವರು ಬಟ್ಟೆ ಹಾಕಿಕೊಂಡು ನಿಂತಿದ್ದರು. ನಮ್ಮಪ್ಪ ಹೀಗೇ ನಡೆದುಕೊಂಡು ಆಸ್ಪತ್ರೆಗೆ ಹೋಗಿ ವಾಪಸ್ ಬರಲಿಲ್ಲ. ಆ ಭಯಕ್ಕೆ ಕೊಬ್ಬರಿಯ ನೆಪ ಹೇಳಿ ತಡೆದವಳು ನಾನು. ನನ್ನ ಎದೆಬಡಿತವನ್ನೂ ಸ್ವಲ್ಪ ದಿನ ನೋಡಬೇಕಂತೆ, ಸಿಂಧು ಹೇಳಿದ್ದಾಳೆ ಎಂದು ಸುಳ್ಳು ಹೇಳಿ ವಾಚು ಕೇಳಿದೆ. ನಿನ್ನ ಹೆಸರು ಹೇಳಿದ ಕೂಡಲೇ ಬಿಚ್ಚಿಕೊಟ್ಟರು.